ಮೂರು ಮಹಡಿಯ ಮನೆಗೆಲ್ಲ ವೈಫೈ: ಮೋಲ್ಡ್ ದಾಟಿಸುವ ಕೆಲಸ

ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ನೆಲ ಮಹಡಿಯ ಹಾಲಿನಲ್ಲಿ ಟಿವಿ ಶೋಕೇಸಿನ ಮೂಲೆಗೆ ಫೈಬರ್ ಪೆಟ್ಟಿಗೆ (ಇಂಟರ್ನೆಟ್ ತರುವ, ವೈಫೈ ರೂಟರೂ ಆಗಿರುವ ಪೆಟ್ಟಿಗೆ) ಕೂತಿದೆ. ಅದರ ಎದುರು ಸೋಫಾದಲ್ಲಿ ಕೂತವರಿಗೆ ಯಾವ ತೊಂದರೆಯೂ ಇಲ್ಲ. ಮೊದಲ ಮಹಡಿಯ ರೂಮಿನಲ್ಲಿ ಆಫೀಸಿನ ವಿಡಿಯೋ ಕರೆ ಆಗಾಗ ಕಡಿಯುತ್ತದೆ. ಎರಡನೇ ಮಹಡಿಯಲ್ಲಿ ವೈಫೈ ಹೆಸರು ಫೋನಿನಲ್ಲಿ ಕಾಣುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಇದು ಮನೆಮನೆಯ ಕಥೆ. ಹೆಚ್ಚಿನವರು ಮೊದಲು ಮಾಡುವುದು ಪ್ಲಾನ್ ಬದಲಿಸುವುದು, 100 ಎಂಬಿಪಿಎಸ್ ಇದ್ದದ್ದನ್ನು 300ಕ್ಕೆ ಏರಿಸುವುದು. ಮೇಲಿನ ರೂಮಿಗೆ ಅದರಿಂದ ಏನೂ ಸಿಗುವುದಿಲ್ಲ, ಏಕೆಂದರೆ ಅಡ್ಡ ಇರುವುದು ಮೋಲ್ಡ್.

ಐದಾರು ಇಂಚು ದಪ್ಪದ ಕಾಂಕ್ರೀಟ್, ಒಳಗೆ ಕಬ್ಬಿಣದ ಸರಳುಗಳ ಜಾಲ. ಮನೆಯ ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ಮೋಲ್ಡ್ ದಾಟುವಾಗ 2.4 ಗಿಗಾಹರ್ಟ್ಸ್ ಸಿಗ್ನಲ್ ಸಾಮಾನ್ಯವಾಗಿ 10ರಿಂದ 20 ಡಿಬಿ (ಡೆಸಿಬೆಲ್) ಕಳೆದುಕೊಳ್ಳುತ್ತದೆ, 5 ಗಿಗಾಹರ್ಟ್ಸ್ ಅದಕ್ಕಿಂತ ಹೆಚ್ಚು. 10 ಡಿಬಿ ಕಳೆದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು, 20 ಡಿಬಿ ಕಳೆದರೆ ನೂರರಲ್ಲಿ ಒಂದು. ಎರಡು ಮೋಲ್ಡ್ ದಾಟಬೇಕಾದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಮರದ ಅಟ್ಟದ ಮೇಲಕ್ಕೆ ಸಿಗ್ನಲ್ ಸಲೀಸಾಗಿ ಹೋಗುತ್ತದೆ. ಅಲ್ಲಿ ತಡೆಯುವುದು ದಪ್ಪ ಮಣ್ಣಿನ ಅಥವಾ ಕೆಂಪುಕಲ್ಲಿನ ಗೋಡೆ.

"ಹೆಚ್ಚು ಪವರ್ ಇರುವ, ಆರು ಆಂಟೆನಾದ ರೂಟರ್ ತಂದರೆ?" ಎಂದು ಅಂಗಡಿಯಲ್ಲಿ ಕೇಳುವವರು ಬಹಳ. ವೈಫೈ ಎರಡೂ ಕಡೆಯಿಂದ ನಡೆಯುವ ಮಾತು. ದೇವಸ್ಥಾನದ ಮೈಕಿನ ದನಿ ನಿಮ್ಮ ಮನೆಯವರೆಗೆ ಬರುತ್ತದೆ, ನೀವು ಮನೆಯಿಂದ ಕೂಗಿದರೆ ಮೈಕ್ ಹಿಡಿದವರಿಗೆ ಕೇಳುವುದಿಲ್ಲ. ಫೋನಿನ ಪುಟ್ಟ ಆಂಟೆನಾದಿಂದ ಹೊರಡುವ ಸಿಗ್ನಲ್ ರೂಟರಿನದಕ್ಕಿಂತ ಸಣ್ಣದು. ಹಾಗಾಗಿ ಫೋನಿನಲ್ಲಿ ಮೂರು ಗೆರೆ ತೋರಿಸಿದರೂ ಕೆಲಸ ನಡೆಯದೆ ಹೋಗುತ್ತದೆ. ಪ್ರತಿ ಮಹಡಿಗೂ ಒಂದು ಕೇಬಲ್ ಒಯ್ದು, ಅಲ್ಲೇ ಒಂದು ವೈಫೈ ಪೆಟ್ಟಿಗೆ ಇಡುವುದು ಈ ತೊಂದರೆಗೆ ಗಟ್ಟಿಯಾದ ಮದ್ದು. ಕೇಬಲ್ ಸಾಧ್ಯವೇ ಇಲ್ಲದಿದ್ದರೆ ಮೆಟ್ಟಿಲಿನ ದಾರಿ ಹಿಡಿಯಬೇಕು. ಎರಡನ್ನೂ ಕೆಳಗೆ ವಿವರಿಸಿದೆ.

ಮೊದಲು ಅಳತೆ

ದುಡ್ಡು ಖರ್ಚು ಮಾಡುವ ಮೊದಲು ಅರ್ಧ ಗಂಟೆ ಅಳತೆಗೆ ಕೊಡಿ. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲಿನಲ್ಲಿ ಸಿಕ್ಕಿಸಿ ವೇಗ ಪರೀಕ್ಷಿಸಿ. ಇಲ್ಲೇ ಪ್ಲಾನಿನಷ್ಟು ಬರದಿದ್ದರೆ ತೊಂದರೆ ಲೈನಿನದು, ಕನೆಕ್ಷನ್ ಕೊಟ್ಟವರನ್ನು ಕರೆಸಿ. ಬಂದರೆ ಫೋನಿಗೆ ವೈಫೈ ಅನಲೈಸರ್ ಅಥವಾ ವೈಫೈಮ್ಯಾನ್‌ನಂಥ ಆ್ಯಪ್ ಹಾಕಿಕೊಂಡು ರೂಮಿನಿಂದ ರೂಮಿಗೆ ನಡೆಯಿರಿ. ಪ್ರತಿ ಜಾಗದಲ್ಲಿ ಹತ್ತು ಸೆಕೆಂಡ್ ನಿಂತು, ಡಿಬಿಎಂ ಅಂಕಿಯನ್ನು (ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) ಮನೆಯ ಒಂದು ಒರಟು ನಕ್ಷೆಯ ಮೇಲೆ ಬರೆದುಕೊಳ್ಳಿ.

ಈ ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಬಹಳ ಚೆನ್ನಾಗಿದೆ. ಮೈನಸ್ 65ರವರೆಗೆ ವಿಡಿಯೋ ಕರೆ ನೆಮ್ಮದಿಯಾಗಿ ನಡೆಯುತ್ತದೆ. 70 ದಾಟಿದರೆ ತಡವರಿಕೆ ಶುರು, 80ರ ಆಚೆ ಹೆಸರು ಮಾತ್ರ ಕಾಣುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ದಿನವೂ ಕೆಲಸ ಮಾಡುವ ಮೇಜು, ಮಕ್ಕಳು ಓದುವ ಜಾಗ, ಟಿವಿ ಇರುವ ಗೋಡೆ, ಈ ಮೂರಕ್ಕೆ 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 65 ಸಿಗಬೇಕು ಅನ್ನುವುದನ್ನು ಗುರಿಯಾಗಿಟ್ಟುಕೊಳ್ಳಿ. ಸ್ಟೋರ್ ರೂಮಿಗೆ ಅಷ್ಟು ಬೇಡ.

ಖರ್ಚಿಲ್ಲದ ತಿದ್ದುಪಡಿಗಳು

ರೂಟರನ್ನು ಟಿವಿಯ ಹಿಂದಿನಿಂದ, ಶೋಕೇಸಿನ ಬಾಗಿಲಿನ ಒಳಗಿನಿಂದ ಹೊರಗೆ ತನ್ನಿ. ಐದಾರು ಅಡಿ ಎತ್ತರದಲ್ಲಿ, ಸುತ್ತ ತೆರವಾಗಿರುವ ಕಡೆ ಇರಲಿ. ಕನ್ನಡಿಯ ವಾರ್ಡ್‌ರೋಬ್, ಫ್ರಿಜ್, ಮೀನಿನ ತೊಟ್ಟಿ, ಕಬ್ಬಿಣದ ಬೀರು ಇವೆಲ್ಲ ಸಿಗ್ನಲ್ ತಿನ್ನುವಂಥವು ಅಥವಾ ತಿರುಗಿಸಿಬಿಡುವಂಥವು. ಮೇಲಿನ ಬಚ್ಚಲುಮನೆಯ ಕೆಳಗೆ ಇಡಬೇಡಿ. ಅಲ್ಲಿ ಮೋಲ್ಡನ್ನು ತಗ್ಗಿಸಿ, ಪೈಪು ಹಾಕಿ, ಮೇಲೆ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ, ಒಟ್ಟು ದಪ್ಪ ಒಂದಡಿಯೂ ಆಗಬಹುದು. ಬೀಮಿನ ಅಡಿಯೂ ಬೇಡ.

ಡುಪ್ಲೆಕ್ಸ್ ಮನೆಯಾದರೆ ಮೋಲ್ಡಿನಲ್ಲಿರುವ ದೊಡ್ಡ ತೂತು ಒಂದೇ, ಮೆಟ್ಟಿಲಿನ ಜಾಗ. ರೂಟರನ್ನು ಮೆಟ್ಟಿಲಿನ ಬುಡದ ಹತ್ತಿರಕ್ಕೆ ಸರಿಸಿದರೆ ಮೇಲಿನ ಹಾಲಿಗೆ ಎಷ್ಟೋ ಸುಧಾರಿಸುತ್ತದೆ. ಫೈಬರ್ ಎಳೆಯನ್ನು ನೀವಾಗಿ ಎಳೆದಾಡಬೇಡಿ, ಚಿಕ್ಕದಾಗಿ ಮಡಚಿದರೆ ಒಳಗಿನ ಗಾಜು ಮುರಿದು ಕೆಂಪು ದೀಪ ಹತ್ತುತ್ತದೆ. ಫೈಬರ್ ಪೆಟ್ಟಿಗೆ ಅಲ್ಲೇ ಇರಲಿ, ಅದರಿಂದ ಐದೋ ಹತ್ತೋ ಮೀಟರ್ ಕ್ಯಾಟ್ 6 ಕೇಬಲ್ (ನೆಟ್‌ವರ್ಕಿನ ತಾಮ್ರದ ಕೇಬಲ್) ಎಳೆದು ನಿಮ್ಮದೇ ಬೇರೆ ರೂಟರನ್ನು ಮೆಟ್ಟಿಲಿನ ಬಳಿ ಇಡಿ. ಕನೆಕ್ಷನ್ ಇನ್ನೂ ತೆಗೆದುಕೊಳ್ಳಬೇಕು ಅನ್ನುವವರು ಮೊದಲೇ ಹೇಳಿ ಫೈಬರನ್ನು ಮಧ್ಯದ ಮಹಡಿಗೇ ಇಳಿಸಿಕೊಳ್ಳಿ. ಮೇಲಕ್ಕೂ ಕೆಳಕ್ಕೂ ಒಂದೊಂದೇ ಮೋಲ್ಡ್ ಉಳಿಯುತ್ತದೆ. ಇಷ್ಟು ದೊಡ್ಡ ಲಾಭ ಕೊಡುವ ಬಿಟ್ಟಿ ಉಪಾಯ ಇನ್ನೊಂದಿಲ್ಲ.

ಕಡ್ಡಿಯಂಥ ಆಂಟೆನಾದ ತುದಿಯ ಕಡೆಗೆ ಸಿಗ್ನಲ್ ತೀರಾ ಕಡಿಮೆ, ಪಕ್ಕಕ್ಕೆ ಹೆಚ್ಚು. ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿದರೆ ನೇರ ಮೇಲಿನ ರೂಮಿಗೆ ಕಡಿಮೆ ಸಿಗುತ್ತದೆ. ಒಂದೆರಡನ್ನು ಅಡ್ಡ ಮಲಗಿಸಿ ಮತ್ತೆ ಅಳೆಯಿರಿ.

ಚಾನೆಲ್ (ಬ್ಯಾಂಡಿನೊಳಗಿನ ಒಂದೊಂದು ದಾರಿ) ವಿಚಾರ ಚುಟುಕಾಗಿ: 2.4ರಲ್ಲಿ 1, 6, 11 ಬಿಟ್ಟು ಬೇರೆ ಬೇಡ, ಅಗಲ 20 ಮೆಗಾಹರ್ಟ್ಸ್ ಇರಲಿ. 5ರಲ್ಲಿ 36 ಅಥವಾ 149, ಅಗಲ 80. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸಿಗ್ನಲ್ ಕಂಡರೆ ರೂಟರ್ ಜಾಗ ಬಿಟ್ಟು ಕೊಡಬೇಕು, ಆಗ ಕರೆ ಇದ್ದಕ್ಕಿದ್ದಂತೆ ಕಡಿಯುತ್ತದೆ. ಶುರುವಾಗುವಾಗಲೂ ಕನಿಷ್ಠ ಒಂದು ನಿಮಿಷ ಕಾಯುತ್ತದೆ.

ಕೇಬಲ್ ಒಯ್ಯುವುದು

ಇಲ್ಲಿಂದ ನಿಜವಾದ ಕೆಲಸ. ಎರಡು ಮಹಡಿಗೆ ಬೇಕಾಗುವ ಸಾಮಾನು: ಮನೆಯ ಉದ್ದಗಲ ನೋಡಿಕೊಂಡು ಸುಮಾರು 40 ಮೀಟರ್ ಕ್ಯಾಟ್ 6 ಕೇಬಲ್, ಆರ್‌ಜೆ 45 ತಲೆಗಳು, ಅಂದರೆ ಕೇಬಲಿನ ತುದಿಗೆ ಹಾಕುವ ಪ್ಲಗ್‌ಗಳು, ಹತ್ತು (ನಾಲ್ಕು ಸಾಕು, ಆದರೆ ಹಾಳಾಗುತ್ತವೆ), ಕ್ರಿಂಪ್ ಮಾಡುವ ಇಕ್ಕಳ, ಎಂಟು ದೀಪದ ಟೆಸ್ಟರ್, ಎಲೆಕ್ಟ್ರಿಷಿಯನ್‌ಗಳು ವೈರ್ ಎಳೆಯಲು ಬಳಸುವ ಸ್ಪ್ರಿಂಗ್. ಪ್ರತಿ ಮಹಡಿಗೆ ಎತ್ತರದ ಮೂರು ಮೀಟರ್, ಅಡ್ಡಕ್ಕೆ ಹೋಗುವ ಉದ್ದ, ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಹೆಚ್ಚುವರಿ, ಹೀಗೆ ಕೂಡಿಸಿಕೊಳ್ಳಿ. 305 ಮೀಟರಿನ ಪೂರ್ತಿ ಪೆಟ್ಟಿಗೆ ಬೇಕಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಅಪ್ಪಟ ತಾಮ್ರದ್ದನ್ನೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಅದು ಬಾಗಿದಲ್ಲಿ ಮುರಿಯುತ್ತದೆ, ಕೇಬಲಿನಲ್ಲೇ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಕೊಳ್ಳಬೇಡಿ.

ದಾರಿ ಎಲ್ಲಿದೆ? ಗೋಡೆ ಒಡೆಯುವ ಮೊದಲು ಹಳೆಯ ಡಿಶ್ ಪೈಪನ್ನು ನೋಡಿ. ತಾರಸಿಯ ಡಿಶ್‌ನಿಂದ ಹಾಲಿಗೂ ರೂಮುಗಳಿಗೂ ಗೋಡೆಯೊಳಗೆ ಪೈಪು ಇಳಿದಿರುತ್ತದೆ, ಈಗ ಬಹಳ ಮನೆಗಳಲ್ಲಿ ಆ ಕೇಬಲ್ ಕೆಲಸಕ್ಕಿಲ್ಲದೆ ಬಿದ್ದಿದೆ. ಅದರ ತುದಿಗೆ ಕ್ಯಾಟ್ 6 ಅನ್ನು ಪಕ್ಕಪಕ್ಕ ಕಟ್ಟದೆ ತುದಿಗೆ ತುದಿ ಸೇರಿಸಿ, ಇನ್ಸುಲೇಷನ್ ಟೇಪನ್ನು ಮೊನಚಾಗಿ ಬರುವಂತೆ ಸುತ್ತಿ. ಒಬ್ಬರು ಮೇಲಿನಿಂದ ತಳ್ಳುತ್ತಾ, ಇನ್ನೊಬ್ಬರು ಕೆಳಗಿನಿಂದ ಎಳೆಯುತ್ತಾ ಹೋದರೆ ಹಳೆಯದು ಹೊರಬರುತ್ತಾ ಹೊಸದು ಒಳಸೇರುತ್ತದೆ. ಬಿಗಿಯಾದರೆ ಟಾಲ್ಕಂ ಪೌಡರ್ ಉದುರಿಸಿ. ಹತ್ತು ಹನ್ನೊಂದು ಕೆಜಿಯಷ್ಟು ಭಾರಕ್ಕಿಂತ ಹೆಚ್ಚು ಜಗ್ಗಬೇಡಿ. ಒಳಗಿನ ಜೋಡಿ ಎಳೆಗಳ ಹೆಣೆಗೆ ಸಡಿಲವಾಗಿ ವೇಗ ಬೀಳುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

230 ವೋಲ್ಟಿನ ವೈರ್ ಇರುವ ಪೈಪಿನೊಳಗೆ ಯಾವ ಕಾರಣಕ್ಕೂ ಇದನ್ನು ತೂರಿಸಬೇಡಿ. ಆ ವೈರಿನ ಸಿಪ್ಪೆ ಎಲ್ಲಾದರೂ ಸುಲಿದಿದ್ದರೆ ಕರೆಂಟ್ ನಿಮ್ಮ ಲ್ಯಾಪ್‌ಟಾಪಿನವರೆಗೆ ಬರುತ್ತದೆ. ಗೋಡೆಯ ಮೇಲೆ ಪಟ್ಟಿ ಹೊಡೆದು ಒಯ್ಯುವಾಗಲೂ ಕರೆಂಟ್ ಲೈನಿನ ಜೊತೆ ಸಾಲಾಗಿ ಹೋಗುವಲ್ಲಿ ಅರ್ಧ ಅಡಿಯಾದರೂ ಅಂತರ ಇರಲಿ, ಅಡ್ಡ ದಾಟುವುದಕ್ಕೆ ಅಡ್ಡಿಯಿಲ್ಲ.

ಒಳಗೆ ದಾರಿಯೇ ಇಲ್ಲವಾದರೆ ಹೊರಗೋಡೆಯ ಮೇಲೆ ಹೋಗಬೇಕು. ಬಿಸಿಲು ತಡೆಯುವ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ ತನ್ನಿ, ಒಳಾಂಗಣದ್ದರ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ತೂತಿಗೆ ನುಗ್ಗುವ ಮೊದಲು ಕೇಬಲನ್ನು ಒಂದು ಗೇಣು ಕೆಳಗೆ ಬಳುಕಿಸಿ ಮೇಲೆತ್ತಿ, ಮಳೆನೀರು ಆ ಬಳುಕಿನಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಆಮೇಲೆ ಸಿಲಿಕಾನ್ ತುಂಬಿ. ಏಪ್ರಿಲ್-ಮೇ ತಿಂಗಳ ಗುಡುಗುಮಳೆ ಇನ್ನೊಂದು ಚಿಂತೆ. ಹತ್ತಿರ ಸಿಡಿಲು ಬಡಿದರೆ ಹೊರಗಿನ ಉದ್ದನೆಯ ತಾಮ್ರದ ಕೇಬಲಿನಲ್ಲಿ ಏಳುವ ವೋಲ್ಟೇಜ್ ಎರಡೂ ತುದಿಯ ಪೋರ್ಟ್ ಸುಡುತ್ತದೆ. ತಾರಸಿ ದಾಟುವ ಅಥವಾ ಪಕ್ಕದ ಔಟ್‌ಹೌಸಿಗೆ ಹೋಗುವ ಲೈನಾದರೆ ತಾಮ್ರ ಬಿಟ್ಟು ಲೋಹದ ತಂತಿಯಿಲ್ಲದ ಫೈಬರ್ ಎಳೆಸಿ, ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲ್‌ಗೆ ಬದಲಿಸುವ ಪೆಟ್ಟಿಗೆ) ಇಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ.

ತಲೆ ಹಾಕುವಾಗ ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್ ಮೇಲೆ ಇರುವಂತೆ ಹಿಡಿದು ಎಡದಿಂದ ಎಣಿಸಿ. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತಬೇಕು. ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂರದಿದ್ದರೂ ಇಂಟರ್ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. "ಕೇಬಲ್ ಹಾಕಿಸಿದರೂ 94ಕ್ಕಿಂತ ಮೇಲೆ ಹೋಗುತ್ತಿಲ್ಲ" ಎಂಬ ದೂರಿನ ಮೂಲ ಬಹುಮಟ್ಟಿಗೆ ಇದೇ. ಇನ್ನೊಂದು ಮೂಲ, ಅಗ್ಗದ ಫೈಬರ್ ಪೆಟ್ಟಿಗೆಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್ ಇದ್ದು ಉಳಿದವು 100ರವು ಆಗಿರುವುದು. ಪೆಟ್ಟಿಗೆಯ ಮೇಲಿನ ಗುರುತು ನೋಡಿ ಸಿಕ್ಕಿಸಿ.

ಮೇಲಿನ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಮಾಡುವುದು

ಆಕ್ಸೆಸ್ ಪಾಯಿಂಟ್ ಅಂದರೆ ಕೇಬಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹಂಚುವ ಪೆಟ್ಟಿಗೆ. ಅದಕ್ಕೆ ಮೇಲೆ ಹೊಸ ದುಬಾರಿ ಸಾಧನವೇ ಬೇಕೆಂದಿಲ್ಲ. ಅಟ್ಟದ ಮೇಲೆ ಬಿದ್ದಿರುವ, ಎರಡೂ ಬ್ಯಾಂಡ್ ಇರುವ ಹಳೆಯ ರೂಟರ್ ಸಾಕು.

1. ಹಳೆಯ ರೂಟರನ್ನು ರೀಸೆಟ್ ಮಾಡಿ, ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿಸಿ. ಮುಖ್ಯ ರೂಟರಿಗೆ ಈಗಲೇ ಬೇಡ. ಅಡಿಯ ಸ್ಟಿಕ್ಕರಿನಲ್ಲಿರುವ ವಿಳಾಸ ತೆರೆದು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

2. ಆಪರೇಷನ್ ಮೋಡ್‌ನಲ್ಲಿ ಆಕ್ಸೆಸ್ ಪಾಯಿಂಟ್ ಇದ್ದರೆ ಅದನ್ನು ಆರಿಸಿ, ನಾಲ್ಕನೆಯದಕ್ಕೆ ಹೋಗಿ.

3. ಆ ಆಯ್ಕೆ ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ಆಮೇಲೆ ಫೋನ್, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಇದರ ಡಿಎಚ್‌ಸಿಪಿ ಆಫ್ ಮಾಡಿ. ಮುಖ್ಯ ರೂಟರಿನ ಡಿಎಚ್‌ಸಿಪಿ ಹಂಚುವ ವಿಳಾಸ 10ರಿಂದ ಶುರುವಾಗುವಂತೆ ತಿದ್ದಿ, ಇಲ್ಲವಾದರೆ ಅದು 2ನ್ನೇ ಯಾವುದೋ ಫೋನಿಗೆ ಕೊಟ್ಟುಬಿಡುತ್ತದೆ. ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕದೆ ಲ್ಯಾನ್ (ಮನೆಯ ಸಾಧನಗಳ) ಪೋರ್ಟಿಗೆ ಹಾಕಿ.

4. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಕೆಳಗಿನದರ ಹಾಗೇ ಇರಲಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವಿನ ಖಾಲಿ ಜಾಗ ಸಹ ಒಂದೇ ಆಗಿರಬೇಕು.

5. ಚಾನೆಲ್ ಬೇರೆ ಮಾಡಿ. 2.4ರಲ್ಲಿ ನೆಲ ಮಹಡಿಗೆ 1, ಮೊದಲನೆಯದಕ್ಕೆ 6, ಎರಡನೆಯದಕ್ಕೆ 11. 5ರಲ್ಲಿ ನೆಲಕ್ಕೆ 36, ಮೊದಲನೆಯದಕ್ಕೆ 149, ಎರಡನೆಯದಕ್ಕೆ ಮತ್ತೆ 36. ನಡುವೆ ಎರಡು ಮೋಲ್ಡ್ ಇರುವುದರಿಂದ ಆ ಎರಡೂ 36ಗಳು ಒಂದನ್ನೊಂದು ಕಾಡುವುದಿಲ್ಲ.

6. 2.4ರ ಪವರನ್ನು ಮಧ್ಯಮಕ್ಕೆ ಇಳಿಸಿ, 5ರದ್ದನ್ನು ಪೂರ್ತಿ ಬಿಡಿ.

ಕೊನೆಯ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇವೆ. ಯಾವ ಪೆಟ್ಟಿಗೆಗೆ ಅಂಟಿಕೊಳ್ಳಬೇಕು ಎಂದು ತೀರ್ಮಾನಿಸುವುದು ಫೋನ್. ಕೆಳಗಿನ 2.4 ಸಿಗ್ನಲ್ ಮೇಲಕ್ಕೂ ಸ್ವಲ್ಪ ಸೋರುವುದರಿಂದ, ನೀವು ಮೆಟ್ಟಿಲು ಹತ್ತಿ ಹೋದರೂ ಫೋನ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಸೋರಿಕೆ ಕಡಿಮೆಯಾದರೆ ಬೇಗ ಬಿಡುತ್ತದೆ. ಸಾಧನಗಳಲ್ಲಿ 802.11ಕೆ ಮತ್ತು 802.11ವಿ ಆಯ್ಕೆ ಇದ್ದರೆ ಆನ್ ಮಾಡಿ, ಪೆಟ್ಟಿಗೆ ಬದಲಿಸಲು ಅವು ಫೋನಿಗೆ ನೆರವಾಗುತ್ತವೆ. ಇದೇ ಬಗೆಯ 802.11ಆರ್ ಆನ್ ಮಾಡಿದ ಮೇಲೆ ಹಳೆಯ ಪ್ರಿಂಟರೋ ಸ್ಮಾರ್ಟ್ ಪ್ಲಗ್ಗೋ ಸೇರದೆ ಹೋದರೆ ಅದನ್ನು ಮಾತ್ರ ಆಫ್ ಮಾಡಿ. ಅಂಥ ಸಾಧನಗಳಿಗೆ ಭದ್ರತೆಯ ಬಗೆಯಾಗಿ ಬರೀ ಡಬ್ಲ್ಯುಪಿಎ3 ಇಟ್ಟರೂ ತೊಂದರೆ, ಡಬ್ಲ್ಯುಪಿಎ2 ಜೊತೆಗಿರುವ ಬೆರಕೆ ಆಯ್ಕೆ ಇಡಿ.

ಕೇಬಲ್ ಸಾಧ್ಯವಿಲ್ಲದ ಮನೆ

ಬಾಡಿಗೆ ಮನೆಯವರಿಗೆ, ಹೊಸದಾಗಿ ಪೇಂಟ್ ಮಾಡಿಸಿದವರಿಗೆ ಮೆಶ್ ಕಿಟ್ (ಕೇಬಲಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದೇ ವೈಫೈ ಕೊಡುವ ಪೆಟ್ಟಿಗೆಗಳ ಗುಂಪು) ಉಳಿದ ದಾರಿ. ಅಂಗಡಿಯಲ್ಲಿ ಸಿಗುವ ಸಣ್ಣ ರಿಪೀಟರ್ ಬೇಡ. ಅದು ಬಹುಪಾಲು ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಮೂರು ಬ್ಯಾಂಡಿನ ಮೆಶ್‌ನಲ್ಲಿ ಪೆಟ್ಟಿಗೆಗಳ ನಡುವಿನ ಮಾತಿಗೆ ಒಂದು ರೇಡಿಯೊ ಮೀಸಲಿಡಬಹುದು, ಹಾಗಾಗಿ ಕೈಗೆಟುಕಿದರೆ ಅದೇ ಮೇಲು.

ಮೆಶ್ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಎರಡನೆಯ ಪೆಟ್ಟಿಗೆ ಇಡುವ ಜಾಗದಲ್ಲಿ. ಸಿಗ್ನಲ್ ಇಲ್ಲದ ರೂಮಿನೊಳಗೇ ಇಟ್ಟರೆ ಅದಕ್ಕೂ ಕೆಳಗಿನಿಂದ ಏನೂ ಕೇಳಿಸುವುದಿಲ್ಲ, ಫೋನಿನಲ್ಲಿ ಗೆರೆ ಪೂರ್ತಿ, ಇಂಟರ್ನೆಟ್ ಮಾತ್ರ ಇಲ್ಲ. ಫೋನ್ ಹಿಡಿದು ಮೆಟ್ಟಿಲು ಹತ್ತುತ್ತಾ ಹೋಗಿ, ಮೊದಲನೆಯ ಪೆಟ್ಟಿಗೆಯ 5 ಗಿಗಾಹರ್ಟ್ಸ್ ಮೈನಸ್ 60ರಿಂದ 65 ಇರುವ ಕೊನೆಯ ಜಾಗ ಹುಡುಕಿ. ಅದು ಸಾಮಾನ್ಯವಾಗಿ ಮೆಟ್ಟಿಲು ತಿರುಗುವ ಲ್ಯಾಂಡಿಂಗ್ ಅಥವಾ ಮೇಲಿನ ಹಾಲಿನಲ್ಲಿ ಕಟಕಟೆಯ ಪಕ್ಕ. ಎರಡನೆಯದು ಅಲ್ಲಿರಲಿ. ಮೆಟ್ಟಿಲು ಮನೆಯ ಹೊರಗಿದ್ದರೆ ಮೇಲಿನ ಪೆಟ್ಟಿಗೆಯನ್ನು ಕೆಳಗಿನದರ ನೇರ ಮೇಲೆ ಇಡಿ. ಓರೆಯಾಗಿ ಹೋಗುವ ಸಿಗ್ನಲ್‌ಗೆ ಅದೇ ಮೋಲ್ಡ್ ಇನ್ನೂ ದಪ್ಪ.

ಕರೆಂಟ್ ವೈರಿನ ಮೂಲಕವೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಬಗ್ಗೆ ಕೇಳುವವರಿದ್ದಾರೆ. ನಮ್ಮ ಕಡೆಯ ಮನೆಗಳಿಗೆ ಅದನ್ನು ನಾವು ಹೇಳುವುದಿಲ್ಲ. ತ್ರೀ ಫೇಸ್ ಮನೆಗಳಲ್ಲಿ ಮಹಡಿಗೊಂದು ಫೇಸ್ ಹಂಚಿರುತ್ತಾರೆ, ಒಂದು ಫೇಸಿನಿಂದ ಇನ್ನೊಂದಕ್ಕೆ ಅದು ಸರಿಯಾಗಿ ದಾಟುವುದಿಲ್ಲ. ಬಾಡಿಗೆಗೆ ಕೊಟ್ಟ ಮಹಡಿಗೆ ಮೀಟರೇ ಬೇರೆ. ಯುಪಿಎಸ್ ಲೈನ್, ಸ್ಪೈಕ್ ಬಸ್ಟರ್ ನಡುವೆ ಬಂದರೂ ಕೆಡುತ್ತದೆ.

ಕರೆಂಟ್ ಹೋದಾಗ

ಕೆಳಗಿನ ರೂಟರ್ ಯುಪಿಎಸ್ ಮೇಲಿದ್ದು ಮೇಲಿನದು ಸಾದಾ ಪ್ಲಗ್‌ನಲ್ಲಿದ್ದರೆ ಕರೆಂಟ್ ಹೋದೊಡನೆ ಮೇಲೆ ಮಾತ್ರ ವೈಫೈ ಸಾಯುತ್ತದೆ. ಮನೆ ಯುಪಿಎಸ್‌ನ ಲೈನ್ ಹೆಚ್ಚಾಗಿ ದೀಪ, ಫ್ಯಾನ್‌ಗಳಿಗಷ್ಟೇ ಇರುತ್ತದೆ, ಪ್ಲಗ್ ಪಾಯಿಂಟಿಗೆ ಇದೆಯೇ ಎಂದು ಮೇನ್ ಆಫ್ ಮಾಡಿ ನೋಡಿಕೊಳ್ಳಿ. ಇಲ್ಲದಿದ್ದರೆ 12 ವೋಲ್ಟಿನ ಮಿನಿ ಯುಪಿಎಸ್ ಒಂದೊಂದು ಇಡಬಹುದು. ಅದರ ವೋಲ್ಟ್ ರೂಟರಿನ ಅಡಾಪ್ಟರಿನದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು. ಕೇಬಲ್ ಎಳೆದವರಿಗೆ ಇನ್ನೂ ಒಳ್ಳೆಯ ದಾರಿಯಿದೆ: ಕೆಳಗೆ ಒಂದು ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲನ್ನು ಕವಲೊಡೆಸುವ, ಅದರಲ್ಲೇ ಕರೆಂಟನ್ನೂ ಕಳಿಸುವ ಪೆಟ್ಟಿಗೆ) ಇಟ್ಟು, ಮೇಲೆ ಸೀಲಿಂಗಿಗೆ ಅಂಟುವ ಪಿಒಇ ಆಕ್ಸೆಸ್ ಪಾಯಿಂಟ್ ಹಾಕಿದರೆ ಡೇಟಾ ಹೋಗುವ ಕೇಬಲಿನಲ್ಲೇ ಕರೆಂಟೂ ಹೋಗುತ್ತದೆ. ಸ್ವಿಚ್ ಮತ್ತು ಫೈಬರ್ ಪೆಟ್ಟಿಗೆ ಎರಡನ್ನು, ರೂಟರ್ ಬೇರೆ ಇದ್ದರೆ ಅದನ್ನೂ, ಯುಪಿಎಸ್ ಮೇಲೆ ಇಟ್ಟರೆ ಮೂರೂ ಮಹಡಿ ಬದುಕಿರುತ್ತದೆ.

ಕೆಟ್ಟಾಗ ಎಲ್ಲಿ ನೋಡಬೇಕು

ಕೆಲವು ಫೋನಿಗೆ ಇಂಟರ್ನೆಟ್ ಬರುತ್ತದೆ, ಕೆಲವಕ್ಕೆ ಇಲ್ಲ, ಆಫ್ ಮಾಡಿ ಆನ್ ಮಾಡಿದರೆ ಅದಲುಬದಲು ಆಗುತ್ತದೆ ಅಂದರೆ ಎರಡು ಕಡೆ ಡಿಎಚ್‌ಸಿಪಿ ನಡೆಯುತ್ತಿದೆ. ಮೇಲಿನ ಫೋನಿನಿಂದ ಕೆಳಗಿನ ಪ್ರಿಂಟರ್ ಅಥವಾ ಟಿವಿ ಕಾಣದಿದ್ದರೆ ಮೇಲಿನದು ಇನ್ನೂ ರೂಟರ್ ಮೋಡ್‌ನಲ್ಲೇ ಇದೆ, ಕೇಬಲ್ ವ್ಯಾನ್ ಪೋರ್ಟಿನಲ್ಲಿದೆ. ಇಡೀ ಮನೆಯ ನೆಟ್‌ವರ್ಕ್ ಒಮ್ಮೆಲೇ ನಿಂತು ಎಲ್ಲ ಪೋರ್ಟಿನ ದೀಪಗಳೂ ಒಟ್ಟಿಗೆ ಪಟಪಟ ಮಿನುಗಿದರೆ, ಯಾರೋ ಒಂದೇ ಸ್ವಿಚ್ಚಿನ ಎರಡು ಪೋರ್ಟುಗಳನ್ನು ಒಂದೇ ಕೇಬಲಿನಿಂದ ಸೇರಿಸಿದ್ದಾರೆ. ಒಂದೊಂದಾಗಿ ಕೇಬಲ್ ಕಿತ್ತು ನೋಡಿ. ನಿಮ್ಮದೇ ರೂಟರನ್ನು ಫೈಬರ್ ಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದರೆ ಆ ಪೆಟ್ಟಿಗೆಯ ವೈಫೈ ಆಫ್ ಮಾಡಿ, ಎರಡೂ ಅಷ್ಟು ಹತ್ತಿರ ಇದ್ದು ಕೂಗಾಡಿಕೊಳ್ಳುವುದು ಬೇಡ.

ಮನೆ ಕಟ್ಟುತ್ತಿರುವವರು

ಮೋಲ್ಡ್ ಹಾಕುವ ಹಿಂದಿನ ದಿನ ಎಲೆಕ್ಟ್ರಿಷಿಯನ್ ಬಂದು ಸರಳಿನ ಮೇಲೆ ಪೈಪು ಜೋಡಿಸುತ್ತಾರಲ್ಲ, ಆ ದಿನ ನೀವೂ ಅಲ್ಲಿರಿ. ಪ್ರತಿ ಮಹಡಿಯ ಸೀಲಿಂಗಿನ ಮಧ್ಯಕ್ಕೆ ಒಂದು, ಟಿವಿ ಗೋಡೆಗೆ ಒಂದು, ಓದುವ ರೂಮಿಗೆ ಒಂದು, ತಾರಸಿಗೆ ಒಂದು, ಹೀಗೆ 25 ಎಂಎಂ ಪಿವಿಸಿ ಪೈಪುಗಳು ಒಂದೇ ಜಾಗಕ್ಕೆ ಬಂದು ಸೇರಲಿ. ಆ ಜಾಗ ಮೊದಲ ಮಹಡಿಯ ಮೆಟ್ಟಿಲಿನ ಪಕ್ಕದ ಗೋಡೆಯಾದರೆ ಬಹಳ ಅನುಕೂಲ, ಬೀದಿಯ ಕಂಬದಿಂದ ಬರುವ ಫೈಬರಿಗೂ ಅಲ್ಲಿಗೇ ಬೇರೆ ಪೈಪು ಇರಲಿ. ಕರೆಂಟ್ ಪೈಪಿನ ಜೊತೆ ಇವು ಎಲ್ಲೂ ಸೇರಬಾರದು. ಮೊಳಕೈ ಹಾಕಿ ಚೌಕವಾಗಿ ತಿರುಗಿಸಿದರೆ ಕೇಬಲ್ ಸಿಕ್ಕಿಕೊಳ್ಳುತ್ತದೆ, ಉದ್ದನೆಯ ಬಾಗು ಕೊಡಿಸಿ. ಒಂದು ಪೈಪಿನಲ್ಲಿ ಅಂಥ ಬಾಗು ಎರಡಕ್ಕಿಂತ ಹೆಚ್ಚು ಬೇಡ. ಪ್ರತಿ ಪೈಪಿನೊಳಗೂ ನೈಲಾನ್ ದಾರ ಬಿಟ್ಟು, ಬಾಯಿಗೆ ಟೇಪ್ ಸುತ್ತಿಸಿ, ಸಿಮೆಂಟ್ ಹಾಲು ಒಳಗೆ ಇಳಿದರೆ ಆ ಪೈಪು ಸತ್ತ ಹಾಗೆ. ಕಾಂಕ್ರೀಟ್ ಸುರಿಯುವ ಮೊದಲು, ಒಂದು ಅಳತೆ ಟೇಪನ್ನು ಪಕ್ಕದಲ್ಲಿ ಹಾಸಿ, ಎಲ್ಲ ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಸೀಲಿಂಗಿಗೆ ಫ್ಯಾನ್ ಕೊಕ್ಕೆಯೋ ಲೈಟೋ ಹಾಕಲು ಡ್ರಿಲ್ ಹಿಡಿದು ಬರುವವರಿಗೆ ಆ ಫೋಟೊ ತೋರಿಸಿ ಆಮೇಲೆ ತೂತು ಹೊಡೆಸಿ.